ರೈಲು ಮಾಡೆಲ್ ಅಂಗಡಿ ಮುಚ್ಚುತ್ತಿದೆ: ಆನ್‌ಲೈನ್ ರಿಯಾಯಿತಿಯೊಂದೇ ಕಾರಣವೇ?

ಗಾರ್ಡ್ ಬೋಗಿ (ಲ್ಯಾಂಕಾಶೈರ್, ಇಂಗ್ಲೆಂಡ್)

ನಿಜವಾದ ರೈಲುಗಳ ಪುಟ್ಟ ಪ್ರತಿರೂಪಗಳನ್ನು ಮಾರುವ ನಮ್ಮೂರಿನ ರೈಲು ಮಾಡೆಲ್ ಅಂಗಡಿ ಈ ಬೇಸಿಗೆ ಮುಗಿಯುವಷ್ಟರಲ್ಲಿ ಬಾಗಿಲು ಹಾಕಲಿದೆ. ನಮ್ಮ ಕ್ಲಬ್ಬಿನಲ್ಲಿ ಆಗಲೇ ತೀರ್ಪು ಹೊರಬಿದ್ದಿದೆ: ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಮಾರುವವರೇ ಕೊಂದರು, ಮುಗಿಯಿತು. ನನಗೆ ಈ ತೀರ್ಪು ಅರ್ಧ ಮಾತ್ರ ಒಪ್ಪಿಗೆ. ಉಳಿದ ಅರ್ಧದ ಬಗ್ಗೆ ಈ ವೇದಿಕೆಯಲ್ಲಿರುವವರ ಅಭಿಪ್ರಾಯ ಬೇಕು, ಅದರಲ್ಲೂ ಅಮೆರಿಕ, ಜರ್ಮನಿಗಳಲ್ಲಿ ಇರುವವರದು.

ನನ್ನ ಅನುಮಾನಕ್ಕೆ ಮೂಲ ಹ್ಯಾಟನ್ಸ್. 1946ರಲ್ಲಿ ಲಿವರ್‌ಪೂಲಿನಲ್ಲಿ ಶುರುವಾದ ಅಂಗಡಿ ಅದು. ಇಂಟರ್ನೆಟ್ ಬರುವುದಕ್ಕೆ ಎಷ್ಟೋ ಮೊದಲೇ ಹವ್ಯಾಸಿ ಪತ್ರಿಕೆಗಳಲ್ಲಿ ಸಣ್ಣಕ್ಷರದ ಬೆಲೆಪಟ್ಟಿ ಹಾಕಿ, ಅಂಚೆಯ ಮೂಲಕ ಕಡಿಮೆ ಬೆಲೆಗೆ ಎಂಜಿನ್ ಕಳಿಸುತ್ತಿದ್ದರು. ಸಣ್ಣ ಅಂಗಡಿಯವರ ಬೈಗುಳಕ್ಕೆ ಆಗಲೇ ಗುರಿಯಾಗಿದ್ದರು. ಜಾಲತಾಣ ಬಂದ ಮೇಲೆ ಇನ್ನೂ ಬೆಳೆದರು, ವಿಡ್ನೆಸ್‌ಗೆ ಸ್ಥಳಾಂತರಗೊಂಡರು, ತಮ್ಮದೇ ಹೆಸರಿನಲ್ಲಿ ಮಾಡೆಲ್‌ಗಳನ್ನು ಮಾಡಿಸಿದರು. 2024ರ ಜನವರಿಯಲ್ಲಿ ಅವರೇ ವ್ಯಾಪಾರ ನಿಲ್ಲಿಸುತ್ತೇವೆಂದು ಪ್ರಕಟಿಸಿದರು. ದಿವಾಳಿಯೆದ್ದು ಮುಚ್ಚಿದ್ದಲ್ಲ, ಲೆಕ್ಕ ನೋಡಿ, ಇನ್ನು ಇದರಲ್ಲಿ ಹುರುಳಿಲ್ಲವೆಂದು ತಾವಾಗಿ ಮುಚ್ಚಿದ್ದು.

ಸಣ್ಣ ಅಂಗಡಿಯನ್ನು ನುಂಗುತ್ತದೆ ಎಂದು ನಾವು ಹೇಳುವ ದೊಡ್ಡ ಮೀನಿಗೇ ಹೊಟ್ಟೆ ತುಂಬುತ್ತಿಲ್ಲ ಎಂದಾದರೆ ಹಣ ಹೋಗುತ್ತಿರುವುದು ಎಲ್ಲಿಗೆ?

ಹಾಸನ ಪ್ಯಾಸೆಂಜರ್ (ನ್ಯೂಜೆರ್ಸಿ)

ಅಮೆರಿಕದ ಕಥೆಯಲ್ಲಿ ಒಂದು ಭಾಗವನ್ನು ಎಲ್ಲರೂ ಮರೆಯುತ್ತಾರೆ: ಮಾರಾಟ ತೆರಿಗೆ. 1992ರಲ್ಲಿ ಕ್ವಿಲ್ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಒಂದು ರಾಜ್ಯದಲ್ಲಿ ಕಟ್ಟಡವನ್ನೋ ನೌಕರರನ್ನೋ ಹೊಂದಿಲ್ಲದ ವ್ಯಾಪಾರಿಯಿಂದ ಆ ರಾಜ್ಯ ಮಾರಾಟ ತೆರಿಗೆ ವಸೂಲಿ ಮಾಡಿಸುವಂತಿಲ್ಲ ಎಂದಿತು. ಆಗ ಅದು ಅಂಚೆ ವ್ಯಾಪಾರದವರ ಪ್ರಶ್ನೆ. ಇಂಟರ್ನೆಟ್ ಬಂದ ಮೇಲೆ ಅದೇ ತೀರ್ಪು ಆನ್‌ಲೈನ್ ಅಂಗಡಿಗಳಿಗೆ ಕವಚವಾಯಿತು. ನಮ್ಮ ರಾಜ್ಯದ ತೆರಿಗೆ ಈಗ ಶೇ 6.625. ನಮ್ಮ ಬೀದಿಯ ಅಂಗಡಿಯವನು ಅದನ್ನು ಬಿಲ್ಲಿನಲ್ಲಿ ಸೇರಿಸಲೇಬೇಕು. ಬೇರೆ ರಾಜ್ಯದ ಗೋದಾಮಿನಿಂದ ಕಳಿಸುವವನು ಸೇರಿಸಬೇಕಿರಲಿಲ್ಲ. ಕೊಂಡವರು ಆ ತೆರಿಗೆಯನ್ನು ತಾವೇ ಲೆಕ್ಕ ಹಾಕಿ ಕಟ್ಟಬೇಕು ಎಂಬ ನಿಯಮವೇನೋ ಇತ್ತು. ಕಟ್ಟಿದವರನ್ನು ನಾನು ಕಂಡಿಲ್ಲ.

ಅಂದರೆ ಅಂಗಡಿಯವನು ತನ್ನ ಲಾಭವನ್ನೆಲ್ಲ ಬಿಟ್ಟುಕೊಟ್ಟು ಆನ್‌ಲೈನ್ ಬೆಲೆಗೆ ಇಳಿದರೂ ಗಿರಾಕಿಯ ಕಣ್ಣಿಗೆ ದುಬಾರಿಯಾಗಿಯೇ ಕಾಣುತ್ತಿದ್ದ. ಆ ರಿಯಾಯಿತಿ ಕೊಟ್ಟದ್ದು ಆನ್‌ಲೈನ್ ವ್ಯಾಪಾರಿಯಲ್ಲ, ಸರ್ಕಾರ! ಈ ಕವಚ ಕಳಚಿದ್ದು 2018ರಲ್ಲಿ, ರಾಜ್ಯದಲ್ಲಿ ಕಟ್ಟಡವಿಲ್ಲದವರಿಂದಲೂ ತೆರಿಗೆ ವಸೂಲಿ ಮಾಡಿಸಬಹುದು ಎಂದ ಅದೇ ಕೋರ್ಟಿನ ವೇಫೇರ್ ತೀರ್ಪಿನಿಂದ. ಅಷ್ಟು ಹೊತ್ತಿಗೆ ನಮ್ಮ ಸುತ್ತಲಿನ ಎಷ್ಟೋ ಅಂಗಡಿಗಳು ಉಗುರು ಅಲಂಕಾರದ ಮಳಿಗೆಗಳಾಗಿದ್ದವು.

ನೇರ ಮಾತು (ರೆಡಿಂಗ್, ಇಂಗ್ಲೆಂಡ್)

ಎಲ್ಲರೂ ಅಂಗಡಿಗಾಗಿ ಅಳುತ್ತಿರುವಾಗ ಒಬ್ಬನಾದರೂ ಗಿರಾಕಿಯ ಪರ ಮಾತನಾಡಬೇಕು, ನಾನೇ ಮಾತನಾಡುತ್ತೇನೆ.

ನಾನು ಮೊದಲು ಇದ್ದ ಊರಿನ ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ನಾಲ್ಕಕ್ಕೆ ಮುಚ್ಚುತ್ತಿತ್ತು. ಬುಧವಾರ ರಜೆ. ಕಚೇರಿಗೆ ಹೋಗುವವನು ಯಾವಾಗ ಹೋಗಬೇಕು? ಶನಿವಾರ ಹೋದರೆ ಕೌಂಟರಿನ ಸುತ್ತ ನಾಲ್ವರು ಹಿರಿಯರು ಚಹಾ ಕುಡಿಯುತ್ತ ನಿಂತಿರುತ್ತಾರೆ; ಅವರ ಬೆನ್ನು ದಾಟಿ ಮಾಲೀಕರ ಗಮನ ಸೆಳೆಯುವುದೇ ಒಂದು ಸಾಹಸ. ನನ್ನನ್ನು ಕಂಡೊಡನೆ ಕೇಳುತ್ತಿದ್ದ ಪ್ರಶ್ನೆ "ಮಗುವಿಗೆ ಬೇಕಿತ್ತೇ?" ಅಷ್ಟೇ. ಕಂದು ಬಣ್ಣದ ಮನುಷ್ಯ ತನಗಾಗಿಯೇ 1930ರ ದಶಕದ ಉಗಿ ಎಂಜಿನ್ ಕೊಳ್ಳಲು ಬಂದಿರಬಹುದು ಎಂಬುದು ಅವರ ತಲೆಗೆ ಕೊನೆಯವರೆಗೂ ಹೋಗಲಿಲ್ಲ. ಜಾಲತಾಣ ನನ್ನ ಮುಖ ನೋಡುವುದಿಲ್ಲ, ರಾತ್ರಿ ಹನ್ನೊಂದಕ್ಕೂ ತೆರೆದಿರುತ್ತದೆ, ಮೇಲೆ ಮೂವತ್ತು ಪೌಂಡ್ ಕಡಿಮೆ. ಆ ಮೂವತ್ತು ಪೌಂಡನ್ನು ಅವರ ಸಿಡುಕಿಗೆ ಕಾಣಿಕೆಯಾಗಿ ಏಕೆ ಕೊಡಬೇಕು?

ಲೆಕ್ಕದ ಪುಸ್ತಕ (ಲೆಸ್ಟರ್, ಇಂಗ್ಲೆಂಡ್)

ನೇರ ಮಾತು ಅವರೇ, ಸಿಡುಕಿನ ವಿಷಯದಲ್ಲಿ ನಿಮ್ಮ ಪರ ನಾನೂ ಸಾಕ್ಷಿ ಹೇಳುತ್ತೇನೆ. ಆದರೆ ಆ ಮೂವತ್ತು ಪೌಂಡಿನ ಒಳಗುಟ್ಟು ಸ್ವಲ್ಪ ಕೇಳಿ. ಓದುತ್ತಿದ್ದಾಗ ಇಂಥದೊಂದು ಅಂಗಡಿಯಲ್ಲಿ ವಾರಾಂತ್ಯದ ಕೆಲಸ ಮಾಡಿದ್ದೆ, ಬಿಲ್ಲಿನ ಹಿಂಬದಿಯನ್ನು ನೋಡಿದ್ದೇನೆ.

ಒಂದು ಎಂಜಿನ್ನಿನ ಪಟ್ಟಿ ಬೆಲೆ 200 ಪೌಂಡ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇ 20ರ ವ್ಯಾಟ್ ಸೇರಿದೆ. ಅದನ್ನು ತೆಗೆದರೆ ಉಳಿಯುವುದು 166 ಚಿಲ್ಲರೆ. ತಯಾರಕರು ಅಂಗಡಿಗೆ ಅದರ ಮೂರನೆಯ ಎರಡು ಭಾಗಕ್ಕೆ, ಅಂದರೆ ಸುಮಾರು 111ಕ್ಕೆ ಕೊಟ್ಟರು ಎನ್ನೋಣ. ಉಳಿದದ್ದು 55. ಬಾಡಿಗೆ, ಸ್ಥಳೀಯ ತೆರಿಗೆ, ವಿದ್ಯುತ್ತು, ಸಂಬಳ, ಕಾರ್ಡ್ ಶುಲ್ಕ ಎಲ್ಲವೂ ಇದರಲ್ಲೇ ಆಗಬೇಕು. ಈಗ ಆನ್‌ಲೈನಿನವರು ಶೇ 15 ಕಡಿಮೆ ಮಾಡಿ 170ಕ್ಕೆ ಕೊಡುತ್ತಾರೆ. ವ್ಯಾಟ್ ಕಳೆದರೆ 141. ಕೊಂಡ ಬೆಲೆ ಕಳೆದರೆ 30. ಗಿರಾಕಿಗೆ ಶೇ 15 ಎಂದು ಕಾಣುವ ರಿಯಾಯಿತಿ ಮಾರುವವನ ಗಳಿಕೆಯಲ್ಲಿ ಶೇ 45ನ್ನು ಕತ್ತರಿಸುತ್ತದೆ. ಸಾವಿರಾರು ಪೆಟ್ಟಿಗೆ ಸಾಗಿಸುವವನು ಈ ಮೂವತ್ತರಲ್ಲಿ ಬದುಕಬಹುದು, ಅವನಿಗೆ ಸಗಟು ದರವೂ ಇಳಿದಿರುತ್ತದೆ. ವಾರಕ್ಕೆ ಮೂರು ಎಂಜಿನ್ ಮಾರುವವನು ಬದುಕುವುದು ಹೇಗೆ? ಗಾರ್ಡ್ ಬೋಗಿಯವರು ಹೇಳಿದ ಹ್ಯಾಟನ್ಸ್ ನೆನೆದರೆ, ಸಾವಿರಾರು ಸಾಗಿಸುವವನೂ ಹೆಚ್ಚು ಕಾಲ ಬದುಕುವಂತಿಲ್ಲ.

ಇನ್ನೊಂದು ವಿಷಯ. ಹೊಸ ಎಂಜಿನ್ ಎಂದೂ ಅಂಗಡಿಯ ಅನ್ನವಾಗಿರಲಿಲ್ಲ, ಅದು ಗಾಜಿನ ಕಪಾಟಿನ ಶೃಂಗಾರ. ಅನ್ನ ಬರುತ್ತಿದ್ದದ್ದು ಹಳಿಯ ತುಂಡು, ಹಳಿ ಬದಲಿಸುವ ಪಾಯಿಂಟ್ ಮೋಟಾರು, ಬಣ್ಣ, ಅಂಟು, ಹುಲ್ಲಿನ ಪುಡಿಗಳಿಂದ. ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಹಳೆಯ ಮಾಲಿನಿಂದ. ಹವ್ಯಾಸಿ ತೀರಿಕೊಂಡ ಮೇಲೆ ಮನೆಯವರು ಅಟ್ಟದ ಪೆಟ್ಟಿಗೆಗಳನ್ನು ಕಾರಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಇಲ್ಲಿನ ಕಾನೂನಿನಂತೆ ಬಳಸಿದ ವಸ್ತುವಿನ ವ್ಯಾಪಾರಿ ಇಡೀ ಬೆಲೆಯ ಮೇಲೆ ವ್ಯಾಟ್ ಕಟ್ಟಬೇಕಿಲ್ಲ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದಲ್ಲಿ ಆರನೆಯ ಒಂದು ಭಾಗ ಕಟ್ಟಿದರೆ ಸಾಕು. 60ಕ್ಕೆ ಕೊಂಡು 100ಕ್ಕೆ ಮಾರಿದರೆ ತೆರಿಗೆ ಕಳೆದು 33 ಕೈಗೆ ಬರುತ್ತದೆ. ಎರಡು ನೂರರ ಹೊಸ ಎಂಜಿನ್ನನ್ನು ರಿಯಾಯಿತಿಗೆ ಮಾರಿ ಗಳಿಸುವುದಕ್ಕಿಂತ ಹೆಚ್ಚು!

ಹಾಗಾಗಿ ನನ್ನ ಪ್ರಕಾರ ಸಣ್ಣ ಅಂಗಡಿಗೆ ಬಿದ್ದ ದೊಡ್ಡ ಪೆಟ್ಟು ಹೊಸ ಎಂಜಿನ್ನಿನ ರಿಯಾಯಿತಿಯಲ್ಲ, ಯಾರು ಬೇಕಾದರೂ ಹಳೆಯ ವಸ್ತು ಮಾರಬಹುದಾದ ಇಬೇ ಜಾಲತಾಣ. ಅಟ್ಟದ ಪೆಟ್ಟಿಗೆಗಳು ಅಂಗಡಿಗೆ ಬರುವುದು ನಿಂತಿತು. ಇದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅಲ್ಲಿ ಮಾರುವವರು ನಾವೇ.

ಗಾರ್ಡ್ ಬೋಗಿ

ಇದನ್ನು ಕ್ಲಬ್ಬಿನಲ್ಲಿ ಓದಿ ಹೇಳುತ್ತೇನೆ. ಶನಿವಾರ ಚಹಾ ಕುಡಿಯುವ ಆ ನಾಲ್ವರು ಹಿರಿಯರಲ್ಲಿ ಮೂವರಾದರೂ ಇಬೇಯಲ್ಲಿ ಮಾರುವವರೇ ಇದ್ದಾರು.

ಯಶವಂತಪುರ ಯಾರ್ಡ್ (ಬೆಂಗಳೂರು)

ನಿಮ್ಮ ಚರ್ಚೆ ಓದುತ್ತಿದ್ದರೆ ಉಪವಾಸ ಇದ್ದವನ ಎದುರು ಹೋಳಿಗೆಗೆ ತುಪ್ಪ ಕಡಿಮೆಯಾಯಿತು ಎಂದು ಜಗಳವಾಡಿದಂತಿದೆ. ಆನ್‌ಲೈನ್ ರಿಯಾಯಿತಿ ಕೊಲ್ಲುವುದಕ್ಕೆ ಇಲ್ಲಿ ಅಂಗಡಿ ಇರಬೇಕಲ್ಲ! ಬೆಂಗಳೂರಿನಂಥ ಊರಿನಲ್ಲಿ ಎಚ್‌ಓ ಎಂಬ ಅಳತೆಯ ಮಾಡೆಲ್ ಹಳಿಯ ಒಂದು ಜೋಡಣೆ ತುಂಡಿಗಾಗಿ ನಾನು ಆಟಿಕೆ ಅಂಗಡಿಗಳನ್ನು ಸುತ್ತಿದ್ದೇನೆ. ಸೆಂಟಿ ಕಂಪನಿಯ ಪ್ಲಾಸ್ಟಿಕ್ ರೈಲು ತೋರಿಸುತ್ತಾರೆ. ಮಕ್ಕಳಿಗೆ ಅದು ಚೆನ್ನ, ನಮ್ಮ ಬೋಗಿಯ ಬಣ್ಣಗಳನ್ನು ಅವರು ಹಿಡಿದಿರುವುದು ಮೆಚ್ಚುವಂಥದೇ, ಆದರೆ ನನಗೆ ಬೇಕಾದ ಸಾಮಾನು ಅದಲ್ಲ.

ಹೊರಗಿನಿಂದ ತರಿಸೋಣ ಎಂದರೆ ಸುಂಕ. ಅಳತೆಗೆ ತಕ್ಕ ಮಾಡೆಲ್‌ಗಳೂ ಆಟಿಕೆಯ ಶೀರ್ಷಿಕೆಯಡಿಯಲ್ಲೇ ಬರುತ್ತವೆ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರ ಬಜೆಟ್ಟಿನಲ್ಲಿ 70ಕ್ಕೆ ಏರಿತು. ಅದರ ಮೇಲೆ ಜಿಎಸ್‌ಟಿ. ದೇಶದ ಆಟಿಕೆ ಉದ್ಯಮ ಬೆಳೆಯಲಿ ಎಂಬುದು ಉದ್ದೇಶ. ಚನ್ನಪಟ್ಟಣದವರಿಗೆ ಒಳ್ಳೆಯದಾದರೆ ನನ್ನ ತಕರಾರಿಲ್ಲ. ಆದರೆ ಡಿಜಿಟಲ್ ನಿಯಂತ್ರಣದ ಉಗಿ ಎಂಜಿನ್ನನ್ನು ಚನ್ನಪಟ್ಟಣದಲ್ಲಿ ಅರಗು ಹಾಕಿ ಮಾಡುವುದಿಲ್ಲವಷ್ಟೆ. ಇಷ್ಟು ಸುಂಕ ಕಟ್ಟಿ ದಾಸ್ತಾನು ಇಟ್ಟುಕೊಂಡು ಕೂರುವ ಧೈರ್ಯ ಯಾವ ಅಂಗಡಿಯವನಿಗೆ ಇದ್ದೀತು? ನಮ್ಮ ಆಮದುದಾರ ಎಂದರೆ ರಜೆಗೆ ಊರಿಗೆ ಬರುವ ಭಾವಮೈದುನ.

ಪುಸ್ತಕದ ಸೊಸೆ (ಧಾರವಾಡ)

ನನಗೂ ರೈಲಿಗೂ ಸಂಬಂಧವಿಲ್ಲ, ಯಜಮಾನರ ಹುಚ್ಚಿನಿಂದ ಇದನ್ನೆಲ್ಲ ಓದುತ್ತಿದ್ದೇನೆ. ನಮ್ಮದು ಪುಸ್ತಕದ ಅಂಗಡಿ. ಗಿರಾಕಿ ಬಂದು ಪುಟ ತಿರುವಿ, ಬೆನ್ನಪುಟದ ಫೋಟೋ ತೆಗೆದು, ನಮ್ಮ ಫ್ಯಾನಿನ ಕೆಳಗೇ ನಿಂತು ಮೊಬೈಲಿನಲ್ಲಿ ಆರ್ಡರ್ ಮಾಡಿ ಹೋಗುವುದು ದಿನನಿತ್ಯದ ದೃಶ್ಯ. ಮಾವನವರು ಅಂಥವರಿಗೂ ಕುಡಿಯಲು ನೀರು ಕೊಡುತ್ತಾರೆ, ನಾನು ಕೊಡುವುದಿಲ್ಲ.

ನಿಮ್ಮೆಲ್ಲರಿಗೂ ಒಂದು ಪ್ರಶ್ನೆ. ತಯಾರಕರೇ "ಇದಕ್ಕಿಂತ ಕಡಿಮೆಗೆ ಯಾರೂ ಮಾರುವಂತಿಲ್ಲ" ಎಂದು ಕಟ್ಟಪ್ಪಣೆ ಮಾಡಿಬಿಟ್ಟರೆ ಈ ರಗಳೆಯೇ ಇರುವುದಿಲ್ಲವಲ್ಲ? ಫ್ರಾನ್ಸಿನಲ್ಲಿ 1981ರಿಂದ ಹೊಸ ಪುಸ್ತಕಕ್ಕೆ ಶೇ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ ಎಂಬ ಕಾನೂನಿದೆ.

ಗಾರ್ಡ್ ಬೋಗಿ

ಮೇಡಂ, ಪುಸ್ತಕಕ್ಕೆ ಸಿಕ್ಕ ಆ ಭಾಗ್ಯ ರೈಲಿಗೆ ಸಿಕ್ಕಿಲ್ಲ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ನೀವು ಹೇಳಿದ ಹಾಗೆಯೇ ಇತ್ತು. 1964ರ ಮರುಮಾರಾಟ ಬೆಲೆ ಕಾಯ್ದೆ ಅದನ್ನು ಮುರಿಯಿತು; ಎಡ್ವರ್ಡ್ ಹೀತ್ ತಮ್ಮ ಪಕ್ಷದವರ ವಿರೋಧವನ್ನೂ ಲೆಕ್ಕಿಸದೆ ತಂದ ಕಾಯ್ದೆ. ಪುಸ್ತಕ ಮಾತ್ರ ಪ್ರತ್ಯೇಕ ಒಪ್ಪಂದದ ನೆರಳಿನಲ್ಲಿ 1990ರ ದಶಕದವರೆಗೆ ಉಳಿಯಿತು. ಈಗ ಇಲ್ಲಿ ತಯಾರಕ ಕನಿಷ್ಠ ಬೆಲೆ ಕಟ್ಟಿದರೆ ದಂಡ ಬೀಳುತ್ತದೆ. ಆನ್‌ಲೈನಿನಲ್ಲಿ ಗಿಟಾರಿಗೆ ರಿಯಾಯಿತಿ ಕೊಡದಂತೆ ಅಂಗಡಿಗಳನ್ನು ತಡೆದದ್ದಕ್ಕೆ ಫೆಂಡರ್ ಕಂಪನಿಗೆ 2020ರಲ್ಲಿ 45 ಲಕ್ಷ ಪೌಂಡ್ ದಂಡ ಹಾಕಿದರು. ಭಾರತದಲ್ಲಿಯೂ 2021ರಲ್ಲಿ ಡೀಲರುಗಳ ರಿಯಾಯಿತಿಗೆ ಕಡಿವಾಣ ಹಾಕಿದ್ದಕ್ಕಾಗಿ ಮಾರುತಿ ಸುಜುಕಿಗೆ ಸ್ಪರ್ಧಾ ಆಯೋಗ 200 ಕೋಟಿ ರೂಪಾಯಿ ದಂಡ ವಿಧಿಸಿತ್ತು.

ತಯಾರಕರ ಕೈಯಲ್ಲಿ ಉಳಿದಿರುವುದು ತಾವೇ ಸರಕನ್ನು ಅಗ್ಗಕ್ಕೆ ಸುರಿಯದಿರುವುದು. 2017ರ ಕೊನೆಯಲ್ಲಿ ಇಲ್ಲಿನ ರೈಲು ಮಾಡೆಲ್ ತಯಾರಕ ಹಾರ್ನ್‌ಬಿಗೆ ಹೊಸ ಮುಖ್ಯಸ್ಥರು ಬಂದಾಗ ಮಾಡಿದ ಮೊದಲ ಕೆಲಸಗಳಲ್ಲಿ ಅದೂ ಒಂದು. ಆದರೆ ಅದೇ ಹಾರ್ನ್‌ಬಿ ತನ್ನ ಜಾಲತಾಣದಲ್ಲಿ ಗಿರಾಕಿಗಳಿಗೆ ನೇರವಾಗಿಯೂ ಮಾರುತ್ತದೆ. ಅಂಗಡಿಯವನಿಗೆ ಸರಕು ಕೊಡುವವನೇ ಪಕ್ಕದಲ್ಲಿ ಇನ್ನೊಂದು ಅಂಗಡಿ ಇಟ್ಟ ಹಾಗಾಯಿತು.

ಹಾಸನ ಪ್ಯಾಸೆಂಜರ್

ಅಮೆರಿಕದಲ್ಲಿ ಇದು ಇನ್ನೊಂದು ಥರ. ಸುಪ್ರೀಂ ಕೋರ್ಟಿನ 2007ರ ಲೀಜಿನ್ ತೀರ್ಪಿನ ನಂತರ ಕೇಂದ್ರ ಕಾನೂನಿನಡಿ ಕನಿಷ್ಠ ಬೆಲೆ ಕಟ್ಟುವುದು ತಾನಾಗಿಯೇ ಅಪರಾಧವಲ್ಲ, ಸಂದರ್ಭ ನೋಡಿ ತೀರ್ಮಾನಿಸುತ್ತಾರೆ. ರೂಢಿಯಲ್ಲಿರುವುದು ಜಾಹೀರಾತಿನ ಕನಿಷ್ಠ ಬೆಲೆ. ಎಷ್ಟಕ್ಕಾದರೂ ಮಾರಿ, ಆದರೆ ಇದಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತಿನಲ್ಲಿ ತೋರಿಸಬೇಡಿ ಎನ್ನುತ್ತಾರೆ. ಅದಕ್ಕೇ ಕೆಲವು ತಾಣಗಳಲ್ಲಿ "ಬೆಲೆ ನೋಡಲು ಬುಟ್ಟಿಗೆ ಹಾಕಿ" ಎಂಬ ಸಾಲು ಇರುವುದು. ಚಾಪೆಯ ಕೆಳಗೆ ತೂರುವವನಿಗೆ ರಂಗೋಲಿಯ ಕೆಳಗೆ ತೂರುವವನು ಸಿಕ್ಕೇ ಸಿಗುತ್ತಾನೆ.

ಬಾಡೆನ್ ಎಕ್ಸ್‌ಪ್ರೆಸ್ (ಸ್ಟುಟ್‌ಗಾರ್ಟ್)

ಜರ್ಮನಿಯದು ಚಿಕ್ಕದಾಗಿ. ನಮ್ಮ ಊರಿನಿಂದ ಸ್ವಲ್ಪವೇ ದೂರದ ಗೊಪ್ಪಿಂಗೆನ್ನಿನಲ್ಲಿ ರೈಲು ಮಾಡೆಲ್ ಮಾಡುವ ಮಾರ್ಕ್ಲಿನ್ ಕಂಪನಿ ಇದೆ, 1859ರದು. 2009ರಲ್ಲಿ ಅದೇ ದಿವಾಳಿ ಅರ್ಜಿ ಹಾಕಿತ್ತು, 2013ರಲ್ಲಿ ಸಿಂಬಾ ಡಿಕಿ ಆಟಿಕೆ ಸಮೂಹದ ಮಾಲೀಕ ಕುಟುಂಬದವರು ಕೊಂಡರು. ಅವರದೊಂದು ಪದ್ಧತಿ ನನಗೆ ಇಷ್ಟ. ಇನ್‌ಸೈಡರ್ ಎಂಬ ಅವರ ಕ್ಲಬ್ಬಿನ ಸದಸ್ಯರಿಗೆಂದೇ ವರ್ಷಕ್ಕೊಂದು ವಿಶೇಷ ಮಾಡೆಲ್ ಮಾಡುತ್ತಾರೆ. ಅದನ್ನು ಡೀಲರ್ ಮೂಲಕವೇ ಕಾದಿರಿಸಬೇಕು. ಜಾಲತಾಣವಿರುವ ಡೀಲರೂ ಡೀಲರೇ ಆದ್ದರಿಂದ ಇದು ಬೀದಿ ಅಂಗಡಿಗೆ ಪೂರ್ತಿ ರಕ್ಷಣೆಯಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರು ಅಭ್ಯಾಸಬಲದಿಂದ ಹತ್ತಿರದ ಅಂಗಡಿಯಲ್ಲೇ ಹೆಸರು ಬರೆಸುತ್ತಾರೆ, ತರಲು ಹೋದಾಗ ಬರಿಗೈಯಲ್ಲಿ ಯಾರೂ ಹಿಂದಿರುಗುವುದಿಲ್ಲ.

ಲೆಕ್ಕದ ಪುಸ್ತಕ

ಕಾದಿರಿಸುವ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಹಿಂದೆ ತಯಾರಕರು ಒಂದೇ ಎಂಜಿನ್ನನ್ನು ವರ್ಷಗಟ್ಟಲೆ ಮಾಡುತ್ತಿದ್ದರು. ಅಂಗಡಿಯಲ್ಲಿ ಖಾಲಿಯಾದರೆ ಮತ್ತೆ ತರಿಸಬಹುದಿತ್ತು. ಈಗ ಹೆಚ್ಚಿನ ಮಾಡೆಲ್‌ಗಳು ಚೀನಾದ ಕಾರ್ಖಾನೆಗಳಲ್ಲಿ ಒಂದು ಕಂತು ತಯಾರಾಗಿ ಮುಗಿದುಹೋಗುತ್ತವೆ. ಘೋಷಣೆಯಾದ ಎಷ್ಟೋ ತಿಂಗಳ ನಂತರ, ಕೆಲವೊಮ್ಮೆ ಎರಡು ವರ್ಷದ ನಂತರ, ಸರಕು ಬರುತ್ತದೆ. ಸಣ್ಣ ಅಂಗಡಿಯವನು ಘೋಷಣೆಯ ದಿನವೇ ತನಗೆಷ್ಟು ಬೇಕು ಎಂದು ಹೇಳಬೇಕು. ನಾಲ್ಕು ಬೇಕು ಎಂದ ಎನ್ನಿ. ಹೆಸರು ಬರೆಸಿದ್ದ ಇಬ್ಬರು ಆನ್‌ಲೈನಿನಲ್ಲಿ ಹತ್ತು ಪೌಂಡ್ ಕಡಿಮೆ ಕಂಡು ಜಾರಿದರೆ ಎರಡು ಎಂಜಿನ್ ಕಪಾಟಿನಲ್ಲಿ ದೂಳು ತಿನ್ನುತ್ತವೆ. ಹೆದರಿ ಎರಡೇ ಹೇಳಿದರೆ, ಅದು ಜನಪ್ರಿಯವಾದಾಗ ಬಾಗಿಲಿಗೆ ಬಂದವರಿಗೆ ಕೊಡಲು ಏನೂ ಇರುವುದಿಲ್ಲ. ದೊಡ್ಡವರಿಗೂ ಇದೇ ಜೂಜು, ಆದರೆ ಅವರು ಐವತ್ತು ಮೇಜುಗಳಲ್ಲಿ ಆಡುತ್ತಾರೆ. ಒಂದರಲ್ಲಿ ಸೋತರೂ ಇನ್ನೊಂದರಲ್ಲಿ ಬರುತ್ತದೆ. ರೆವಲ್ಯೂಷನ್ ಟ್ರೇನ್ಸ್‌ನಂಥ ಹೊಸ ಸಂಸ್ಥೆಗಳು ಮುಂಗಡ ಬೇಡಿಕೆಯನ್ನು ಗಿರಾಕಿಗಳಿಂದಲೇ ನೇರವಾಗಿ ಪಡೆಯುತ್ತವೆ. ಅಲ್ಲಿ ಮಧ್ಯೆ ಅಂಗಡಿಗೆ ಜಾಗ ಕಡಿಮೆ.

ನೇರ ಮಾತು

ಒಪ್ಪಿದೆ, ಲೆಕ್ಕ ಸರಿಯಿದೆ. ಆದರೆ ಲೆಕ್ಕ ತೋರಿಸಿದ ಮಾತ್ರಕ್ಕೆ ನನ್ನ ಜೇಬಿನಿಂದ ಹಣ ಏಕೆ ಹೊರಡಬೇಕು? ಅಂಗಡಿ ನನಗೆ ಕೊಡುವ, ಜಾಲತಾಣ ಕೊಡಲಾಗದ ಒಂದೇ ಒಂದು ವಸ್ತುವನ್ನು ಹೇಳಿ. "ಅನುಭವ" ಎನ್ನಬೇಡಿ, ಅದನ್ನು ಕಾಫಿ ಡೇಯವರೂ ಮಾರುತ್ತಾರೆ.

ಗಾರ್ಡ್ ಬೋಗಿ

ಹೇಳುತ್ತೇನೆ. ಪೆಟ್ಟಿಗೆ ತೆರೆದು ಹಳಿಯ ಮೇಲಿಟ್ಟು ಓಡಿಸಿ ಕೊಡುವುದು. ಹೊಸ ಎಂಜಿನ್‌ಗಳಲ್ಲಿ ಬಿದ್ದುಹೋದ ಮೆಟ್ಟಿಲು, ಸೊಟ್ಟ ಚಕ್ರ, ತಡವರಿಸುವ ಮೋಟಾರು ಅಪರೂಪವಲ್ಲ; ಕೌಂಟರಿನ ಮೇಲಿನ ಪರೀಕ್ಷಾ ಹಳಿಯಲ್ಲಿ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ. ಹಳೆಯ ಎಂಜಿನ್ನಿಗೆ ಡಿಕೋಡರ್, ಅಂದರೆ ಡಿಜಿಟಲ್ ನಿಯಂತ್ರಣದ ಪುಟ್ಟ ಸರ್ಕ್ಯೂಟ್, ಬೆಸುಗೆ ಹಾಕಿ ಕೂಡಿಸಿ ಕೊಡುವುದು. ಇವಕ್ಕೆ ಅಂಗಡಿಯವರು ಹಣ ಕೇಳುವುದಿಲ್ಲ, ಕೇಳಲು ಸಂಕೋಚ. ಅದೇ ರೋಗ ಎನ್ನುತ್ತೇನೆ ನಾನು. ಎಂಜಿನ್ನನ್ನು ಆನ್‌ಲೈನ್ ಬೆಲೆಗೇ ಮಾರಿ, ಡಿಕೋಡರ್ ಕೂಡಿಸಲು ಮೂವತ್ತೈದು ಪೌಂಡ್ ಎಂದು ಗೋಡೆಯ ಮೇಲೆ ಬರೆದು ಹಾಕಲಿ. ಬೇರೆ ಕಡೆ ಕೊಂಡು ತಂದವರಿಗೆ ಐವತ್ತು. ನೀವು ಕೊಡುವುದಿಲ್ಲವೇ?

ನೇರ ಮಾತು

ಐವತ್ತು ಕೊಡುತ್ತೇನೆ. ಡಿಕೋಡರ್ ಸುಟ್ಟರೆ ಹೊಣೆ ಅವರದೇ ಎಂದೂ ಅದೇ ಗೋಡೆಯ ಮೇಲೆ ಬರೆಯಲಿ.

ಹಾಸನ ಪ್ಯಾಸೆಂಜರ್

ಕೆಲಸಕ್ಕೆ ಹಣ ಕೇಳುವುದು ನ್ಯಾಯವೇ. ಆದರೆ ನಾನು ನೋಡಿದಂತೆ ಉಳಿದಿರುವ ಅಂಗಡಿಗಳಲ್ಲಿ ಸಮಾನವಾಗಿರುವುದು ಒಂದೇ: ಕಟ್ಟಡ ಸ್ವಂತದ್ದು. ನಮ್ಮ ಹತ್ತಿರದ ಅಂಗಡಿಯ ಮಾಲೀಕರು ಮಹಡಿಯಲ್ಲೇ ವಾಸ, ಕೆಳಗೆ ರೈಲು. ಬಾಡಿಗೆ ಕೊಡಬೇಕಿದ್ದರೆ ಎಂದೋ ಮುಚ್ಚುತ್ತಿದ್ದೆ ಎಂದು ಅವರೇ ಹೇಳುತ್ತಾರೆ. ಡೆನ್ವರಿನ ಕಬೂಸ್ ಹಾಬೀಸ್ 1938ರ ಅಂಗಡಿ, ದೇಶದಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಅದಕ್ಕೂ 2016ರಲ್ಲಿ ಕುತ್ತು ಬಂದದ್ದು ಕಟ್ಟಡ ಕೈತಪ್ಪಿದ್ದರಿಂದ. ಆಮೇಲೆ ಪಕ್ಕದ ಲೇಕ್‌ವುಡ್ಡಿನಲ್ಲಿ ಸಣ್ಣದಾಗಿ ಮತ್ತೆ ತೆರೆಯಿತು. ರಿಯಾಯಿತಿಯ ಹೊಡೆತ ತಿಂದು ನಿಂತವರನ್ನು ಬಾಡಿಗೆ ಕೆಡಹುತ್ತದೆ.

ಈಗ ಇನ್ನೊಂದು ಬಂದಿದೆ. 2025ರ ಏಪ್ರಿಲಿನಲ್ಲಿ ಚೀನಾದ ಸರಕಿನ ಮೇಲೆ ಸುಂಕ ಶೇ 145ಕ್ಕೆ ಏರಿ, ಮೇ ತಿಂಗಳಲ್ಲಿ ಇಳಿಯಿತು. ಮುಂಗಡ ಬುಕಿಂಗ್ ಎಂದೋ ಆಗಿತ್ತು, ಬೆಲೆ ಆಮೇಲೆ ಬದಲಾಯಿತು. ಆಗಸ್ಟಿನಲ್ಲಿ 800 ಡಾಲರಿನೊಳಗಿನ ಪಾರ್ಸಲ್‌ಗಳಿಗೆ ಇದ್ದ ಸುಂಕ ವಿನಾಯಿತಿಯೂ ಎಲ್ಲ ದೇಶಗಳಿಗೆ ನಿಂತಿತು. ಇಂಗ್ಲೆಂಡಿನ ಜಾಲತಾಣದಿಂದ ಅಗ್ಗಕ್ಕೆ ತರಿಸುತ್ತಿದ್ದ ನಮ್ಮಂಥವರಿಗೆ ಈಗ ಯಶವಂತಪುರದವರ ಕಷ್ಟ ಸ್ವಲ್ಪ ಸ್ವಲ್ಪ ಅರ್ಥವಾಗುತ್ತಿದೆ.

ಯಶವಂತಪುರ ಯಾರ್ಡ್

ಸ್ವಾಗತ! ನಮ್ಮಲ್ಲಿ ಶೇ 70 ಇಳಿಯುವ ಸೂಚನೆಯೇ ಇಲ್ಲ, ಆದ್ದರಿಂದ ಗೊಂದಲವೂ ಇಲ್ಲ.

ಭಾವಮೈದುನ ಮುಂದಿನ ತಿಂಗಳು ಮ್ಯಾಂಚೆಸ್ಟರಿನಿಂದ ಬರುತ್ತಿದ್ದಾನೆ. ಹಳೆಯ ಎಂಟು ಪಿನ್ನಿನ ಸಾಕೆಟ್ ಇರುವ ಎಂಜಿನ್ನಿಗೆ ಇಪ್ಪತ್ತೊಂದು ಪಿನ್ನಿನ ಡಿಕೋಡರ್ ತರಿಸಬಹುದೇ? ಮಾಡೆಲ್‌ಗೆ ಬಳಿಯುವ ಹಂಬ್ರೊಲ್ ಎನಾಮಲ್ ಬಣ್ಣವನ್ನೂ ತರಲು ಹೇಳಲೇ?

ಲೆಕ್ಕದ ಪುಸ್ತಕ

ನೇರವಾಗಿ ಕೂರುವುದಿಲ್ಲ, ನಡುವೆ ಅಡಾಪ್ಟರ್ ಬೇಕು, ಉಗಿ ಎಂಜಿನ್ನಿನೊಳಗೆ ಅದಕ್ಕೆ ಜಾಗ ಸಿಗುವುದು ಕಷ್ಟ. ಎಂಟು ಪಿನ್ನಿನದನ್ನೇ ತರಿಸಿ. ತರುವ ಮೊದಲು ಎಂಜಿನ್ನಿನ ಮೇಲುಹೊದಿಕೆ ಬಿಚ್ಚಿ ಒಳಗೆ ಎಷ್ಟು ಉದ್ದ, ಅಗಲ, ಎತ್ತರ ಉಳಿದಿದೆ ಎಂದು ಅಳೆದು ಅವರಿಗೆ ಕಳಿಸಿ. ಡಿಕೋಡರಿನ ಅಳತೆ ಪೆಟ್ಟಿಗೆಯ ಮೇಲೆ ಇಲ್ಲದಿದ್ದರೂ ಕೌಂಟರಿನಲ್ಲಿ ಕೇಳಿದರೆ ಹೇಳುತ್ತಾರೆ. ಎನಾಮಲ್ ಬಣ್ಣದ ಡಬ್ಬಿಯನ್ನು ವಿಮಾನದ ಸಾಮಾನಿನಲ್ಲಿ ಇಡುವಂತಿಲ್ಲ, ಬೆಂಕಿ ಹಿಡಿಯುವ ವಸ್ತು ಎಂದು ಕಿತ್ತು ಇಟ್ಟುಕೊಳ್ಳುತ್ತಾರೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಹೇಳಿ.